ಆವಿ ದೋಸೆ

ಪರ್ತ್‌ನ ಸದರ್ನ್ ರಿವರ್ ಬಡಾವಣೆಯಲ್ಲಿದ್ದ ನಮ್ಮ ಬಾಡಿಗೆ ಮನೆಗೆ ಸುಳ್ಳು ಬರುತ್ತಿದ್ದದ್ದು ಮಧ್ಯಾಹ್ನ ಮೂರೂವರೆಗೆ, ನನ್ನ ಸ್ಕೂಲ್ ಬ್ಯಾಗಿನಲ್ಲಿ, ಸ್ಟೀಲ್ ಡಬ್ಬಿಯೊಳಗೆ, ಇನ್ನೂ ಬೆಚ್ಚಗಿರುವಾಗಲೇ. ಆಗ ನನಗೆ ಹತ್ತು ವರ್ಷ. ಅಮ್ಮ ಸ್ಕೂಲಿನ ಗೇಟಿನಲ್ಲಿ ನನ್ನನ್ನು ಕಾರಿಗೆ ಹತ್ತಿಸಿಕೊಂಡು, ಎರಡು ಬೀದಿ ದಾಟಿ, ಒಂದು ಸರ್ವೋದ ಹಿಂದೆ ನಿಲ್ಲಿಸುತ್ತಿದ್ದಳು. ಪೆಟ್ರೋಲ್ ಬಂಕಿಗೆ ಅಲ್ಲಿಯವರು ಸರ್ವೋ ಎನ್ನುತ್ತಾರೆ. ಸೀಟಿನ ಕೆಳಗಿಂದ ಪ್ಲಾಸ್ಟಿಕ್ ಡಬ್ಬಿ ತೆಗೆದು, ಅದರಲ್ಲಿದ್ದ ಬಿಳಿ ಸುರುಳಿಗಳನ್ನು ನಮ್ಮ ಡಬ್ಬಿಗೆ ಜಾರಿಸಿ, ಪ್ಲಾಸ್ಟಿಕ್ಕನ್ನೂ ಸೋಯಾ ಸಾಸಿನ ಪೊಟ್ಟಣಗಳನ್ನೂ ಅಲ್ಲಿನ ಕಸದ ತೊಟ್ಟಿಗೆ ಹಾಕಿ ಕೈ ಒರೆಸಿಕೊಳ್ಳುತ್ತಿದ್ದಳು. ಆ ಸುರುಳಿಗಳ ಹೆಸರು ಚೆಂಗ್ ಫನ್. ಎಣ್ಣೆ ಸವರಿದ ಅಗಲ ತಟ್ಟೆಗೆ ಅಕ್ಕಿಯ ತೆಳು ಹಿಟ್ಟು ಹುಯ್ದು, ಎರಡು ನಿಮಿಷ ಆವಿಯಲ್ಲಿಟ್ಟು, ಕೆರೆದು ಸುತ್ತಿದರೆ ಆಯಿತು. ಕ್ಯಾಂಟನೀಸ್ ಮಾತಾಡುವ ಮನೆಗಳಲ್ಲಿ ಅದು ನಮ್ಮ ಇಡ್ಲಿಯ ಹಾಗೆ, ದಿನಬೆಳಗಿನ ತಿಂಡಿ. ನೀರ್ದೋಸೆಗಿಂತ ನುಣ್ಣಗೆ, ಬಾಯಿಗಿಟ್ಟರೆ ತಾನೇ ಜಾರಿಕೊಂಡು ಹೋಗುತ್ತದೆ. ಅದನ್ನು ಮಾಡುವ ಅಂಗಡಿಯಲ್ಲಿ ಅಮ್ಮ ಕೆಲಸ ಮಾಡುತ್ತಿದ್ದಳು, ಮತ್ತು ಅದು ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ಅಪ್ಪ ಉತ್ತರದ ಕಬ್ಬಿಣದ ಗಣಿಯಲ್ಲಿ ಜಿಯಾಲಜಿಸ್ಟ್. ಎರಡು ವಾರ ಗಣಿ, ಒಂದು ವಾರ ಮನೆ. ಫ್ರಿಜ್ಜಿನ ಬಾಗಿಲ ಮೇಲೆ ಅವರ ರೋಸ್ಟರ್ ಅಂಟಿಸಿತ್ತು, ಮನೆಯಲ್ಲಿರುವ ದಿನಗಳಿಗೆ ಹಸಿರು ಬಣ್ಣ. ಉಳಿದ ದಿನಗಳಲ್ಲಿ ನಾನು ಸ್ಕೂಲಿಗೆ ಹೋದ ಮೇಲೆ ಅಮ್ಮ ಆ ಮನೆಯಲ್ಲಿ ಒಬ್ಬಳೇ. ಅಡುಗೆಮನೆಯ ಕಿಟಕಿಯಿಂದ ಪಕ್ಕದವರ ಬೇಲಿ, ಬೇಲಿಯಾಚೆ ಅವರ ಬಟ್ಟೆ ಒಣಹಾಕುವ ಕಂಬ, ಅಷ್ಟೇ ಕಾಣುವುದು. ಅಮ್ಮ ಮೈಸೂರಿನಲ್ಲಿ ಕಾಲೇಜಿನ ಹುಡುಗಿಯರಿಗೆ ಪಾಠ ಮಾಡಿದವಳು. ಇಲ್ಲಿ ಅಕೌಂಟಿಂಗ್ ಕೋರ್ಸಿಗೆ ಸೇರಿ, ಒಂದು ಟರ್ಮ್ ಮುಗಿಸಿ, ಅದು ಒಗ್ಗದೆ ಬಿಟ್ಟಿದ್ದಳು. ಬಿಟ್ಟದ್ದನ್ನು ಅಪ್ಪನಿಗೆ ಹೇಳಿರಲಿಲ್ಲ. ಯಾವುದಾದರೂ ಕೆಫೆಯಲ್ಲಿ ಕೆಲಸಕ್ಕೆ ಸೇರಲೇ ಎಂದು ಒಮ್ಮೆ ಕೇಳಿದ್ದಳು. ಅಪ್ಪ ಚಪಾತಿ ಹರಿಯುತ್ತಿದ್ದವರು ಕೈ ನಿಲ್ಲಿಸಿದರು.

“ಎಂ.ಕಾಂ. ಓದಿದೋಳು ಹೋಗಿ ಯಾರ್ದೋ ಎಂಜಲು ತಟ್ಟೆ ಎತ್ತೋದಾ ವಸು? ನಮ್ಮೋರು ನಾಲ್ಕು ಜನ ನೋಡಿದ್ರೆ ಏನಂತಾರೆ?”

“ನೋಡಿದೋರು ಬಂದು ನನ್ ಜೊತೆ ಕ್ಲಾಸಿಲ್ಲದ ದಿನ ಒಂಬತ್ತರಿಂದ ಮೂರರವರೆಗೆ ಈ ಗೋಡೆ ನೋಡ್ಕೊಂಡು ಕೂತ್ಕೋತಾರೇನ್ರೀ?”

ಅಪ್ಪ ಮಜ್ಜಿಗೆ ಕೇಳಿದರು. ಮುಂದಿನ ತಿಂಗಳು ಅಮ್ಮ ಯಿಂಗ್ ಆಂಟಿಯ ಅಂಗಡಿಗೆ ಸೇರಿದಳು. ಯಿಂಗ್ ಆಂಟಿ ನನ್ನ ಕ್ಲಾಸಿನ ಹುಡುಗಿಯೊಬ್ಬಳ ತಾಯಿ, ಮಾತು ಕಡಿಮೆ, ಕೈ ಬಲು ಚುರುಕು. ಮನೆಯ ಲೆಕ್ಕಕ್ಕೆ ಅಮ್ಮ ಕೋರ್ಸಿಗೇ ಹೋಗುತ್ತಿದ್ದಳು. ಗುಟ್ಟನ್ನು ನನಗೆ ಹೇಳುವಾಗ ಅವಳು ಒಂದು ಕ್ಷಣವೂ ಅನುಮಾನಿಸಲಿಲ್ಲ ಎಂಬುದು ನನ್ನ ತಲೆಗೆ ಏರಿಬಿಟ್ಟಿತು. ದೊಡ್ಡವರ ಜೊತೆ ಸೇರಿಕೊಂಡೆ ಎಂದು ನಾನು ಉಬ್ಬಿಹೋದೆ.

ನವೆಂಬರಿನ ಹೊತ್ತಿಗೆ ಅಪ್ಪನ ಅಮ್ಮ, ನನ್ನ ಅಜ್ಜಿ, ಆರು ತಿಂಗಳಿಗೆಂದು ಬಂದರು. ನಮ್ಮ ಮನೆಯಲ್ಲಿ ಬೆಡ್‌ಶೀಟ್ ಇಡುವ ಕಪಾಟೇ ದೇವರಮನೆ. ಅಜ್ಜಿ ಬಂದ ಮೊದಲ ದಿನ ಅದರೊಳಗೆ ತಲೆ ಹಾಕಿ ಕರ್ಪೂರ ಹಚ್ಚಿದರು, ಸ್ಮೋಕ್ ಅಲಾರಂ ಬೀದಿಗೆಲ್ಲ ಕೇಳುವಂತೆ ಅರಚಿಕೊಂಡಿತು. “ನಿಮ್ಮೂರಲ್ಲಿ ಗಂಟೆ ಬಾರಿಸೋ ಕೆಲಸಾನೂ ಮಿಷಿನ್ನೇ ಮಾಡುತ್ತಲ್ಲೇ,” ಎಂದು ನಕ್ಕರು. ಮಡಿಯನ್ನೆಲ್ಲ ವಿಮಾನ ಹತ್ತುವಾಗಲೇ ಕಳಚಿಟ್ಟೆ ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಒಂದನ್ನು ಮಾತ್ರ ಬಿಟ್ಟಿರಲಿಲ್ಲ: ಮನೆಯಲ್ಲಿ ಬೇಯಿಸಿದ್ದನ್ನು ಬಿಟ್ಟು ಬೇರೇನನ್ನೂ ಅವರು ತಿನ್ನುವುದಿಲ್ಲ. ವಿಮಾನದಲ್ಲಿ ಹದಿನಾಲ್ಕು ಗಂಟೆ ಎರಡು ಬಾಳೆಹಣ್ಣಿನಲ್ಲಿ ಕಳೆದವರು. ಬಂದ ಎರಡನೇ ವಾರ ಅವರ ಹಲ್ಲಿನ ಸೆಟ್ಟು ಬಾತ್‌ರೂಮಿನ ಬೇಸಿನ್ನಿಗೆ ಬಿದ್ದು ಎರಡು ಹೋಳಾಯಿತು. ಹೊಸದಕ್ಕೆ ಡೆಂಟಿಸ್ಟ್ ಬಹಳ ದಿನ ಕಾಯಿಸಿದರು. ಅಜ್ಜಿ ಗಂಜಿಗೆ ಇಳಿದರು, ಆಮೇಲೆ ಹಾಲಿಗೆ. ಕೈಬಳೆ ಮೊಣಕೈವರೆಗೆ ಹತ್ತುವಷ್ಟು ಇಳಿದುಹೋದರು. ಮಿಕ್ಸಿಯಲ್ಲಿ ರುಬ್ಬಿ ಕೊಟ್ಟ ಅನ್ನ ಸಾರನ್ನು ಕಂಡರೆ ಮುಖ ತಿರುಗಿಸುತ್ತಿದ್ದರು.

ಒಂದು ಮಧ್ಯಾಹ್ನ ಅಮ್ಮ ಸ್ನಾನಕ್ಕೆ ಹೋಗಿದ್ದಳು. ಅಂಗಡಿಯ ವಾಸನೆ ಮೈಗಂಟಿರುತ್ತದೆಂದು ಬಂದ ತಕ್ಷಣ ಸ್ನಾನ ಮಾಡುವುದು ಅವಳ ಪದ್ಧತಿ. ನಾನು ಅಡುಗೆಮನೆಯಲ್ಲಿ ನಿಂತು ಸುರುಳಿಗೆ ಚಟ್ನಿಪುಡಿ ಎಣ್ಣೆ ಸವರಿಕೊಂಡು ತಿನ್ನುತ್ತಿದ್ದೆ. ನಿದ್ದೆ ಮುಗಿಸಿದ ಅಜ್ಜಿ ಸದ್ದಿಲ್ಲದೆ ಹಿಂದೆ ಬಂದು ನಿಂತಿದ್ದರು.

“ಏನೇ ಅದು, ಬೆಳ್ಳಗೆ?”

ಅಮ್ಮನ ಗುಟ್ಟು ಕಾಪಾಡಬೇಕು ಎಂಬುದೊಂದೇ ತಲೆಯಲ್ಲಿ.

“ಅಮ್ಮ ಬೆಳಿಗ್ಗೆ ಮಾಡಿದ್ದು ಅಜ್ಜಿ. ಆವಿ ದೋಸೆ.”

“ಮೆತ್ತಗಿದೆಯಾ?”

ಅವರು ಎರಡು ಬೆರಳಿನಲ್ಲಿ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತರು. ತಲೆಗೆ ಟವೆಲ್ ಸುತ್ತಿಕೊಂಡು ಅಮ್ಮ ಹೊರಗೆ ಬರುವಷ್ಟರಲ್ಲಿ ಅಜ್ಜಿ ಮೂರನೆಯದನ್ನು ಮುಗಿಸುತ್ತಿದ್ದರು.

“ವಸುಧಾ, ಇಂಥಾದ್ದು ಮಾಡಕ್ಕೆ ಬರ್ತಿತ್ತಾ ನಿನಗೆ? ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ದೆ? ನಾಳೇನೂ ಮಾಡಮ್ಮ.”

ಅಮ್ಮ ನನ್ನ ಮುಖ ನೋಡಿದಳು. ಹೇಳಬಹುದಾಗಿದ್ದ ಕ್ಷಣ ಅದು. ಹೇಳಿದರೆ ಅಂಗಡಿಯೂ ಹೊರಬೀಳುತ್ತಿತ್ತು. ಅಷ್ಟೇ ಕಾರಣವೆಂದು ನಾನು ಬಹಳ ವರ್ಷ ಅಂದುಕೊಂಡಿದ್ದೆ, ಈಗ ಹಾಗನ್ನಿಸುವುದಿಲ್ಲ. ಹತ್ತು ದಿನದಿಂದ ಹಾಲು ಕುಡಿದುಕೊಂಡಿದ್ದ ಮುದುಕಿ ಬೆರಳು ನೆಕ್ಕುವುದನ್ನು ಅವಳು ನೋಡಿದ್ದಳು. “ಹ್ಞೂ ಅತ್ತೆ,” ಎಂದಳು.

ಹಾಗೆ ಶುರುವಾಯಿತು. ಮಾರನೆಯ ದಿನದಿಂದ ಅಮ್ಮ ಐದಕ್ಕೇ ಎದ್ದು, ಸುಳ್ಳನ್ನು ನಿಜ ಮಾಡುವುದಕ್ಕೆ ಹೆಣಗತೊಡಗಿದಳು. ಮನೆಯಲ್ಲೇ ಮಾಡಲು ಬಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬುದು ಅವಳ ಲೆಕ್ಕಾಚಾರ. ಆದರೆ ಅವಳ ಕೈಗೆ ಗೊತ್ತಿದ್ದದ್ದು ನಮ್ಮ ಹಿಟ್ಟು. ಅಕ್ಕಿ ನೆನೆಸಿ ರುಬ್ಬಿದಳು, ನೀರ್ದೋಸೆಯ ಹದಕ್ಕೆ ತಂದಳು, ಇಡ್ಲಿ ಕುಕ್ಕರಿನಲ್ಲಿ ತಟ್ಟೆ ಇಟ್ಟು ಬೇಯಿಸಿದಳು. ಮುಚ್ಚಳದಿಂದ ನೀರು ತೊಟ್ಟಿಕ್ಕಿ ಹಾಳೆಯೆಲ್ಲ ಗುಳಿಗುಳಿಯಾಯಿತು. ಕೆರೆದರೆ ಚಿಂದಿಯಾಗಿ ಬಂತು. ಇನ್ನೊಂದು ದಿನ ಅಂಟಾಯಿತು, ಮತ್ತೊಂದು ದಿನ ರೊಟ್ಟಿಯಷ್ಟು ದಪ್ಪ. ಅಂಗಡಿಯಲ್ಲಿ ಅವಳ ಕೆಲಸ ತಟ್ಟೆ ತೊಳೆಯುವುದು ಮತ್ತು ಸುರುಳಿಯನ್ನು ಕತ್ತರಿಯಿಂದ ತುಂಡರಿಸಿ ಡಬ್ಬಿಗೆ ತುಂಬುವುದು. ಹಿಟ್ಟು ಕಲಸುವುದು ಯಿಂಗ್ ಆಂಟಿ ಒಬ್ಬರೇ, ಅದೂ ಅಂಗಡಿ ತೆರೆಯುವ ಮೊದಲು. ಕೆಟ್ಟದ್ದನ್ನೆಲ್ಲ ಅಮ್ಮ ಕಾರಿನಲ್ಲಿ ಒಯ್ದು ಸರ್ವೋದ ತೊಟ್ಟಿಗೆ ಹಾಕುತ್ತಿದ್ದಳು. ಮಧ್ಯಾಹ್ನ ಅಂಗಡಿಯದ್ದು ನನ್ನ ಬ್ಯಾಗಿನಲ್ಲಿ ಬರುತ್ತಿತ್ತು, ಅಜ್ಜಿ ಏಳುವ ಮೊದಲು ಬಿಸಿ ಆವಿಗೆ ಹೋಗುತ್ತಿತ್ತು. ಒಮ್ಮೆ ತಡೆಯಲಾರದೆ ತನ್ನ ಕೈಯದ್ದನ್ನೇ ಬಡಿಸಿದಳು. ಅಜ್ಜಿ ಒಂದು ತುತ್ತು ತಿಂದು ತಟ್ಟೆ ಸರಿಸಿದರು.

“ಇವತ್ತ್ಯಾಕೋ ದಪ್ಪ ಆಗಿದೆ ಕಣೇ. ನಿನ್ನೇಥರದ್ದೇ ಮಾಡು.”

ಅಜ್ಜಿಯ ಕೆನ್ನೆ ತುಂಬಿಕೊಳ್ಳತೊಡಗಿತು. ಅಪ್ಪ ಗಣಿಯಿಂದ ಫೋನ್ ಮಾಡಿದಾಗಲೆಲ್ಲ ಅಜ್ಜಿ ಆವಿ ದೋಸೆಯ ವರದಿ ಕೊಡುತ್ತಿದ್ದರು. ಮನೆಗೆ ಬಂದ ವಾರ ಅಪ್ಪನೂ ತಿಂದು, “ನಮ್ಮಮ್ಮನ್ನ ಉಳಿಸಿಬಿಟ್ಟೆ ಕಣೇ,” ಎಂದು ಅಮ್ಮನ ಭುಜ ತಟ್ಟಿದರು. ಅಮ್ಮ ಒಲೆಯ ಕಡೆಗೆ ತಿರುಗಿಕೊಂಡಳು. ಆ ದಿನಗಳಲ್ಲಿ ಮನೆಯಲ್ಲಿ ಯಾರಾದರೂ “ಅಡುಗೆಮನೆ” ಎಂದರೂ ನಾನು ಎದ್ದು ನನ್ನ ಕೋಣೆಗೆ ಹೋಗುತ್ತಿದ್ದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಅಜ್ಜಿ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಹೊರಗಿನದ್ದು ಯಾಕೆ ತಿನ್ನುವುದಿಲ್ಲ ಎಂದು ನಾನೇ ಕೇಳಿದೆ. ಯಾಕೆ ಕೇಳಿದೆನೋ.

“ನಿಮ್ಮಪ್ಪನಿಗೆ ಏಳು ವರ್ಷ. ಜ್ವರ ತಲೆಗೇರಿ ಮೂರು ದಿನ ಕಣ್ಣು ಬಿಡಲಿಲ್ಲ. ಡಾಕ್ಟ್ರು ಕೈ ಚೆಲ್ಲಿದ್ರು. ಆಗ ದೇವರ ಮುಂದೆ ಕೂತು ಹೇಳ್ದೆ, ಇವನನ್ನ ನನಗೆ ವಾಪಸ್ ಕೊಡು, ನಾನು ಇರೋವರ್ಗೂ ಮನೇಲಿ ಬೇಯಿಸಿದ್ದು ಬಿಟ್ಟು ಇನ್ನೊಂದು ಬಾಯಿಗಿಡಲ್ಲ ಅಂತ. ಮಾರನೇ ದಿನ ಎದ್ದು ನೀರು ಕೇಳ್ದ.”

“ಮಾತು ತಪ್ಪಿದ್ರೆ ಏನಾಗುತ್ತೆ ಅಜ್ಜಿ?”

“ಕೊಟ್ಟಿದ್ದನ್ನ ವಾಪಸ್ ಕೇಳ್ತಾನೆ, ಇನ್ನೇನು,” ಎಂದು ಅಜ್ಜಿ ನಕ್ಕು ನನ್ನ ಜಡೆ ಬಿಗಿದರು.

ನಾನು ನಗಲಿಲ್ಲ. ಹತ್ತು ವರ್ಷದ ತಲೆಯಲ್ಲಿ ಲೆಕ್ಕ ಬಹಳ ನೇರವಾಗಿರುತ್ತದೆ. ಅಜ್ಜಿ ತಿನ್ನುತ್ತಿರುವುದು ಅಂಗಡಿಯದ್ದು. ಅಪ್ಪ ಇರುವುದು ಬಂಡೆ ಸಿಡಿಸುವ ಜಾಗದಲ್ಲಿ. ಸುಳ್ಳು ಹೇಳಿದ್ದು ನಾನು. ಅವತ್ತು ಕಾರಿನಲ್ಲಿ ಅಮ್ಮನಿಗೆ ಎಲ್ಲ ಹೇಳಿ ಅತ್ತುಬಿಟ್ಟೆ. ಅವಳು ಎಂಜಿನ್ ಆರಿಸಿ, ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕುಳಿತಳು.

“ಅದು ಗೊತ್ತು ಪುಟ್ಟಿ ನನಗೆ. ಮದುವೆಯಾದಾಗಿಂದ ಗೊತ್ತು. ಇನ್ನೊಂದಿಷ್ಟು ದಿನ ತಡ್ಕೋ. ಯಿಂಗ್ ಆಂಟೀನ ಕೇಳಿದೀನಿ, ಹಿಟ್ಟು ಹೇಳ್ಕೊಡ್ತಾರೆ. ಆಮೇಲೆ ಸುಳ್ಳೇ ಇರಲ್ಲ. ಅಲ್ಲೀವರ್ಗೂ ನಮ್ದು ಮಾಂಸ ಮುಟ್ಟದ ಬೇರೆ ತಟ್ಟೇಲೇ ಮಾಡಿಸ್ತೀನಿ, ಆಯ್ತಾ? ಯಾರಿಗೂ ಹೇಳಲ್ಲ ಅಂತ ಮಾತು ಕೊಡು.”

ಕೊಟ್ಟೆ.

ಅಲ್ಲಿ ಡಿಸೆಂಬರಿನಲ್ಲೇ ಬರುವ ಬೇಸಿಗೆ ರಜೆ ಶುರುವಾದ ಮೇಲೆ ಒಂದು ದಿನ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗಬೇಕಾಯಿತು. ಒಳಗೆ ಬೀರುವಿನ ಸೆಳೆಖಾನೆಗಳಂತೆ ಎಳೆಯುವ ಸ್ಟೀಮರ್. ಒಂದನ್ನು ಎಳೆದರೆ ಆವಿ ಬುಸ್ಸೆಂದು ಮುಖಕ್ಕೆ ಹೊಡೆಯುತ್ತದೆ. ಯಿಂಗ್ ಆಂಟಿ ಒಂದು ತಟ್ಟೆಗೆ ಬ್ರಷ್ಷಿನಿಂದ ಎಣ್ಣೆ ಸವರಿದರು, ಹಿಟ್ಟು ಹುಯ್ದರು, ಗುಲಾಬಿ ಬಣ್ಣದ ಸೀಗಡಿ ಇಟ್ಟರು, ಬೆಂದ ಮೇಲೆ ಕೆರೆದು ಸುತ್ತಿದರು. ಅದೇ ತಟ್ಟೆಗೆ ಅದೇ ಬ್ರಷ್ಷು. ಈ ಸಲ ಹಂದಿಮಾಂಸದ ಚೂರು. ಮತ್ತೆ ಅದೇ ತಟ್ಟೆ, ಅದೇ ಬ್ರಷ್ಷು, ಈ ಸಲ ಏನೂ ಹಾಕದ್ದು. ಅದನ್ನು ಕತ್ತರಿಸಿ ಅಮ್ಮ ನಮ್ಮ ಡಬ್ಬಿಗೆ ತುಂಬಿದಳು. ಯಿಂಗ್ ಆಂಟಿಯ ತಪ್ಪೇನೂ ಇರಲಿಲ್ಲ, ಅವರ ಅಂಗಡಿ ನಡೆಯುವುದೇ ಹಾಗೆ. ನಾನು ಅಮ್ಮನನ್ನು ನೋಡಿದೆ. ಅಮ್ಮ ಕತ್ತರಿಯನ್ನು ನೋಡುತ್ತಿದ್ದಳು. ನನಗೂ ಸುಳ್ಳು ಹೇಳಿದ್ದಾಳೆ ಎಂದು ಆಗ ಗೊತ್ತಾಯಿತು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಅವತ್ತಿನಿಂದ ನಾನು ಅದನ್ನು ಬಾಯಿಗಿಡಲಿಲ್ಲ, ಅಮ್ಮನ ಜೊತೆ ಸರಿಯಾಗಿ ಮಾತೂ ಆಡಲಿಲ್ಲ.

ಜನವರಿಯಲ್ಲಿ ಉತ್ತರದ ಕರಾವಳಿಗೆ ಸೈಕ್ಲೋನ್ ಬಂತು. ಪರ್ತ್‌ನಲ್ಲಿ ಎಲೆಯೂ ಅಲ್ಲಾಡಲಿಲ್ಲ, ನಲವತ್ತು ಡಿಗ್ರಿ ಬಿಸಿಲು. ಟೀವಿಯಲ್ಲಿ ಮಾತ್ರ ತಾಳೆಮರಗಳು ನೆಲಕ್ಕೆ ಬಾಗುತ್ತಿದ್ದವು. ಗಣಿಯವರನ್ನೆಲ್ಲ ಅವರವರ ಕೋಣೆಗಳಲ್ಲೇ ಕೂರಿಸಿದ್ದಾರೆ ಎಂದು ಅಪ್ಪ ಒಂದು ಸಲ ಫೋನ್ ಮಾಡಿದ್ದೇ ಕೊನೆ. ಆಮೇಲೆ ಎರಡು ದಿನ ಫೋನ್ ಇಲ್ಲ. ಟವರ್ ಬಿದ್ದಿರುತ್ತದೆ ಎಂದು ಅಮ್ಮ ಹೇಳಿದಳು, ಆದರೆ ಮೊಬೈಲನ್ನು ಬಾತ್‌ರೂಮಿಗೂ ಒಯ್ಯುತ್ತಿದ್ದಳು. ಅಜ್ಜಿ ಕಪಾಟಿನ ದೇವರ ಮುಂದಿನಿಂದ ಏಳಲೇ ಇಲ್ಲ. ಮೂರನೆಯ ದಿನ ಬೆಳಿಗ್ಗೆ, ನಾನು ಮನೆಯಲ್ಲಿದ್ದರೆ ಕೊರಗುತ್ತೇನೆಂದು, ಅಮ್ಮ ನನ್ನನ್ನು ಬೇರೊಬ್ಬ ಗೆಳತಿಯ ತಾಯಿಯ ಜೊತೆ ಈಜಿನ ಕ್ಲಾಸಿಗೆ ಕಳಿಸಿದಳು. ನೀರಿನಲ್ಲಿ ತಲೆ ಮುಳುಗಿಸಿದಾಗಲೆಲ್ಲ ನನಗೆ ಅಜ್ಜಿ ನಗುತ್ತ ಹೇಳಿದ ಮಾತೇ ಕೇಳುತ್ತಿತ್ತು. ಮಧ್ಯಾಹ್ನ ಮನೆಗೆ ಬಂದು ಬಾಗಿಲು ತೆರೆದಾಗ ಅಜ್ಜಿ ಊಟದ ಮೇಜಿನ ಮುಂದಿದ್ದರು. ಎರಡು ದಿನದಿಂದ ಏನೂ ಸರಿಯಾಗಿ ತಿಂದಿರದ ಅವರ ಮುಂದೆ ತಟ್ಟೆ, ತಟ್ಟೆಯಲ್ಲಿ ಬಿಳಿ ಸುರುಳಿ, ಮೇಲೆ ಚಟ್ನಿಪುಡಿ. ಮೊದಲ ತುತ್ತನ್ನು ಕೈಯಲ್ಲಿ ಹಿಡಿದು ಕಣ್ಣುಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದರು. ಯಾರಿಗಾಗಿ ಹೇಳಿಕೊಳ್ಳುತ್ತಿದ್ದಾರೆಂದು ನನಗೆ ಗೊತ್ತಿತ್ತು.

ನಾನು ಓಡಿಹೋಗಿ ತಟ್ಟೆ ಎಳೆದುಕೊಂಡೆ.

“ತಿನ್ಬೇಡಿ ಅಜ್ಜಿ! ಅದು ಮನೇದಲ್ಲ, ಚೈನೀಸ್ ಶಾಪ್‌ದು. ಅಮ್ಮ ಅಲ್ಲಿ ಕೆಲಸ ಮಾಡ್ತಾಳೆ. ಪ್ರಾನ್ ಹಾಕೋ ತಟ್ಟೇಲೇ ಮಾಡ್ತಾರೆ, ಪೋರ್ಕ್ ಹಾಕೋ ತಟ್ಟೇಲೇ! ನಾನೇ ನೋಡಿದೀನಿ. ಪ್ಲೀಸ್ ತಿನ್ಬೇಡಿ, ಅಪ್ಪ ಸತ್ತೋಗ್ತಾರೆ!”

ಒಲೆಯ ಹತ್ತಿರ ಅಮ್ಮ ನಿಂತಿದ್ದಳು. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದರಲ್ಲಿ ತಟ್ಟೆ. ಅವಳ ಮುಂದೆ ಕುಕ್ಕರಿನ ಮುಚ್ಚಳ, ಆವಿಯ ನೀರು ತೊಟ್ಟಿಕ್ಕದಂತೆ ಅದಕ್ಕೆ ಬಟ್ಟೆ ಕಟ್ಟಿತ್ತು. ಪಾತ್ರೆಯಲ್ಲಿ ಅರ್ಧ ಹಿಟ್ಟು ಉಳಿದಿತ್ತು. ಕೈಯಲ್ಲಿದ್ದ ತಟ್ಟೆ ಹೊಚ್ಚಹೊಸದು, ಅಂಚಿನಲ್ಲಿ ಬೆಲೆಯ ಚೀಟಿ ಅರ್ಧ ಹರಿದು ಅಂಟಿಕೊಂಡಿತ್ತು. ಬ್ರಷ್ಷೂ ಹೊಸದು. ಫೋನಿಗೆ ಕಾಯುತ್ತ ಅವಳು ಅವತ್ತು ಅಂಗಡಿಗೆ ಹೋಗಿರಲಿಲ್ಲ. ಹಿಂದಿನ ದಿನವಷ್ಟೇ ಯಿಂಗ್ ಆಂಟಿ ಹಿಟ್ಟಿನ ಹದ ಹೇಳಿಕೊಟ್ಟಿದ್ದರು. ಬೆಳಗಿನಿಂದ ಒಂದರ ಮೇಲೊಂದು ಮಾಡಿ, ಕೊನೆಗೂ ಹರಿಯದೆ ಬಂದ ಮೊದಲ ಸುರುಳಿಯನ್ನು ಅಜ್ಜಿಗೆ ಬಡಿಸಿದ್ದಳು.

“ಇವತ್ತಿಂದು ನಾನೇ ಮಾಡಿದ್ದು ಅತ್ತೆ,” ಎಂದಳು. ದನಿ ಬಹಳ ಸಣ್ಣದಾಗಿತ್ತು.

ಅಜ್ಜಿ ಕೈಯಲ್ಲಿದ್ದ ತುತ್ತನ್ನು ಮೇಜಿನ ಮೇಲಿಟ್ಟರು.

“ನಿನ್ನೆ ಮೊನ್ನೇದು?”

ಅಮ್ಮ ಕೈಯಲ್ಲಿದ್ದ ತಟ್ಟೆಯನ್ನು ಒಲೆಯ ಪಕ್ಕಕ್ಕಿಟ್ಟಳು.

“ಎಷ್ಟು ದಿನದಿಂದ?”

“ಎರಡು ತಿಂಗಳಾಗ್ತಾ ಬಂತು. ನೀವು ಏನೂ ತಿಂತಿರಲಿಲ್ಲ ಅತ್ತೆ. ಅದೊಂದೇ ಸೇರ್ತಿತ್ತು ನಿಮಗೆ.”

“ನನ್ನ ಒಂದು ಮಾತು ಕೇಳಬೇಕಿತ್ತು ವಸುಧಾ. ಬೇಡ ಅಂತಿದ್ದೆ. ಹಸ್ಕೊಂಡಿರ್ತಿದ್ದೆ. ಅದು ನನ್ನ ಹಸಿವಲ್ವಾ?”

ಅವರು ದನಿ ಏರಿಸಲಿಲ್ಲ. ಎದ್ದು ಹೋಗಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡರು. ಬಹಳ ಹೊತ್ತು ನೀರಿನ ಸದ್ದು ಕೇಳಿತು, ನಡುನಡುವೆ ವಾಕರಿಕೆಯ ಸದ್ದು. ಅಮ್ಮ ಉಳಿದ ಹಿಟ್ಟನ್ನು ಸಿಂಕಿಗೆ ಸುರಿದಳು. ನನ್ನನ್ನು ಬೈಯಲಿಲ್ಲ. ಒದ್ದೆ ಕೂದಲು ಒರೆಸಿಕೋ, ನೆಗಡಿಯಾಗುತ್ತದೆ ಎಂದಳು. ಹೊಡೆದಿದ್ದರೆ ಚೆನ್ನಾಗಿತ್ತು.

ಸಂಜೆ ಅಪ್ಪನ ಫೋನ್ ಬಂತು. ಟವರೇ ಬಿದ್ದಿತ್ತಂತೆ, ಅವರು ಮೂರು ದಿನ ಕೋಣೆಯಲ್ಲಿ ಕೂತು ಬಿಸ್ಕತ್ತು ತಿಂದುಕೊಂಡಿದ್ದರಂತೆ. ಅಜ್ಜಿ ಅವರ ದನಿ ಕೇಳಿ, “ಸರಿಯಪ್ಪ,” ಎಂದಷ್ಟೇ ಹೇಳಿ ಫೋನನ್ನು ಅಮ್ಮನ ಕೈಗೆ ಕೊಟ್ಟರು. ಅವರು ಮಗನಿಗೆ ಏನೂ ಹೇಳಲಿಲ್ಲ. ಹೇಳಿದ್ದು ಅಮ್ಮನೇ, ಅಪ್ಪ ಮನೆಗೆ ಬಂದ ದಿನ, ಒಂದನ್ನೂ ಮುಚ್ಚಿಡದೆ. ಆ ಹಸಿರು ವಾರವಿಡೀ ಮನೆಯಲ್ಲಿ ಜಗಳ. ಅಪ್ಪ ಕೂಗಾಡಿದರು, ಎರಡು ದಿನ ಗರಾಜಿನಲ್ಲಿ ಕುಳಿತು ಊಟ ಮಾಡಿದರು. ಕೆಲಸ ಬಿಡು ಎಂದರು. ಬಿಡುವುದಿಲ್ಲ ಎಂದಳು ಅಮ್ಮ, ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಗ ಅಜ್ಜಿ ಒಳಗಿಂದಲೇ ಹೇಳಿದರು:

“ಅವಳ ಕೆಲಸದ ಮಾತನ್ನ ನನ್ನ ಹೆಸರು ಹೇಳ್ಕೊಂಡು ಎತ್ತಬೇಡ ಕಣೋ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.”

ಆದರೆ ಅಜ್ಜಿ ಅಮ್ಮನ ಕೈಯ ಅಡುಗೆಯನ್ನು ಮತ್ತೆ ತಿನ್ನಲಿಲ್ಲ. ಎಲ್ಲರದೂ ಮುಗಿದ ಮೇಲೆ ಒಂದು ಸಣ್ಣ ಪಾತ್ರೆ ತೊಳೆದುಕೊಂಡು ತಾವೇ ಗಂಜಿ ಕಾಯಿಸಿಕೊಳ್ಳುತ್ತಿದ್ದರು. ಹೊಸ ಹಲ್ಲು ಬಂದ ವಾರವೇ ಟಿಕೆಟ್ಟನ್ನು ಮುಂಚಿನ ದಿನಾಂಕಕ್ಕೆ ಮಾಡಿಸಿಕೊಂಡು ಹೊರಟರು. ಏರ್‌ಪೋರ್ಟಿನಲ್ಲಿ ನನ್ನ ತಲೆ ನೇವರಿಸಿ, “ನೀನು ಒಳ್ಳೇದು ಮಾಡಿದೆ ಮಗು,” ಎಂದರು. ಅಮ್ಮ ಪಕ್ಕದಲ್ಲೇ ಟ್ರಾಲಿ ಹಿಡಿದು ನಿಂತಿದ್ದಳು. ಆ ಹೊಗಳಿಕೆಯನ್ನು ಎಲ್ಲಿಡಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಮಾತು ಕೊಟ್ಟವಳೂ ನಾನೇ, ಮುರಿದವಳೂ ನಾನೇ. ಅದೂ ಅಮ್ಮ ಗೆದ್ದ ಒಂದೇ ಒಂದು ದಿನ. ಒಂದು ತಾಸು ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಉಳಿಯುತ್ತಿತ್ತು ಎಂದು ಕೆಲವು ದಿನ ಅನ್ನಿಸುತ್ತದೆ. ಅಜ್ಜಿಯ ವಾಕರಿಕೆ ನೆನಪಾದ ದಿನ, ಎರಡು ತಿಂಗಳು ಯಾಕಾದರೂ ಬಾಯಿ ಮುಚ್ಚಿಕೊಂಡಿದ್ದೆನೋ ಅನ್ನಿಸುತ್ತದೆ.

ಅಮ್ಮ ಆ ಅಂಗಡಿಯಲ್ಲಿ ಇನ್ನೂ ಆರು ವರ್ಷ ಕೆಲಸ ಮಾಡಿದಳು. ಹಿಟ್ಟು ಕಲಸುವುದೂ ಕೊನೆಗೆ ಅವಳದೇ ಆಯಿತು. ನಮ್ಮಿಬ್ಬರ ನಡುವೆ ಜಗಳವೇನೂ ಇರಲಿಲ್ಲ. ಸ್ಕೂಲಿಗೆ ಬಿಟ್ಟಳು, ಜಡೆ ಹಾಕಿದಳು, ಪರೀಕ್ಷೆಯಲ್ಲಿ ನಾನು ಮುಗ್ಗರಿಸಿದಾಗ ಜೊತೆಗೆ ಕುಳಿತಳು. ಓದಲು ನಾನು ಅಡಿಲೇಡಿಗೆ ಬಂದು ಮಾಸನ್ ಲೇಕ್ಸ್‌ನಲ್ಲಿ ಕೋಣೆ ಹಿಡಿದ ಎರಡನೇ ವರ್ಷ, ಒಂದು ದಿನ ಅಪ್ಪ ಫೋನಿನಲ್ಲಿ ಮಾತಿನ ನಡುವೆ, ಅಮ್ಮನ ಹೊಲಿಗೆ ಬಿಚ್ಚಿದರು, ಗಡ್ಡೆ ಕೆಟ್ಟದ್ದಲ್ಲವಂತೆ, ಇನ್ನು ಚಿಂತೆಯಿಲ್ಲ ಎಂದರು. ಯಾವ ಗಡ್ಡೆ, ಯಾವ ಹೊಲಿಗೆ ಎಂದೆ. ಅಪ್ಪ ತಡವರಿಸಿದರು. ಎದೆಯಲ್ಲಿ ಗಂಟು ಕಂಡು ಒಂದು ತಿಂಗಳಾಗಿತ್ತು, ಅಷ್ಟರಲ್ಲಿ ಟೆಸ್ಟೂ ಆಪರೇಷನ್ನೂ ಆಗಿದ್ದವು. ಆ ಒಂದು ತಿಂಗಳಲ್ಲಿ ಅಮ್ಮ ನನ್ನ ಜೊತೆ ಪ್ರತಿದಿನ ಮಾತಾಡಿದ್ದಳು, ಏನು ತಿಂದೆ ಎಂದು ಪ್ರತಿದಿನ ಕೇಳಿದ್ದಳು. ಫೋನನ್ನು ಅಮ್ಮನಿಗೆ ಕೊಡಿ ಎಂದು ಅವಳನ್ನು ಕರೆಸಿದೆ.

“ನನಗ್ಯಾಕೆ ಹೇಳಲಿಲ್ಲ ಅಮ್ಮ?”

“ನಿಂಗೆ ಹೇಳಿ ಯಾಕೆ ಕಷ್ಟ ಕೊಡೋದು ಅಂತ ಪುಟ್ಟಿ. ನಿನ್ ಹೊಟ್ಟೇಲಿ ಇಟ್ಕೊಳ್ಳಕ್ಕೆ ಆಗಲ್ಲ ನಿಂಗೆ.”

ದನಿಯಲ್ಲಿ ಕೋಪವಿರಲಿಲ್ಲ. ನನಗೆ ಬೆಳ್ಳುಳ್ಳಿ ಆಗದು ಎನ್ನುವಷ್ಟೇ ಸಹಜವಾಗಿ ಹೇಳಿದಳು.

“ಅವತ್ತಿಂದಾನಾ?” ಎಂದೆ.

ಯಾವತ್ತಿನಿಂದ ಎಂದು ಅಮ್ಮ ಕೇಳಲಿಲ್ಲ.

“ಹ್ಞೂ ಕಣೇ,” ಎಂದಳು, “ಅವತ್ತಿಂದಾನೇ.”